ನಿಮಿಷಕ್ಕೆ ಐವತ್ತು

ರೆಲೆಬೊಹಿಲೆ, ನಿನ್ನ ಗಡಿಯಾರ ಬಿಚ್ಚಿ ಕೊಡು.
ಸೆಕೆಂಡಿನ ಮುಳ್ಳು ಓಡುತ್ತದಲ್ಲ, ಸಾಕು.
ಹನಿ ಎಣಿಸುವ ಯಂತ್ರ ಮಾಸೇರುವಿನಲ್ಲಿದೆಯಂತೆ;
ಇಲ್ಲಿ ಮೊಖೊಟ್ಲೊಂಗಿನಲ್ಲಿ
ಹಿಮ ಬಿದ್ದ ರಾತ್ರಿ ಕರೆಂಟೂ ನೆಂಟನ ಹಾಗೆ,
ಬಂದರೆ ಬಂತು.
ಇಲ್ಲಿ ಯಂತ್ರವೆಂದರೆ ನಾನು, ನೀನು,
ಮತ್ತೆ ಕೊಳವೆಗೆ ಕಚ್ಚಿಕೊಂಡ
ಈ ಪ್ಲಾಸ್ಟಿಕ್ಕಿನ ಪುಟ್ಟ ಗಾಲಿ.

ಒಂದು ಗ್ರಾಂ ವ್ಯಾಂಕೋಮೈಸಿನ್,
ಇನ್ನೂರೈವತ್ತು ಮಿಲಿ ಸಲೈನು, ನೂರು ನಿಮಿಷ.
ಈ ಸೆಟ್ಟಿನಲ್ಲಿ ಮಿಲಿಗೆ ಇಪ್ಪತ್ತು ಹನಿ;
ಪೊಟ್ಟಣದ ಮೇಲೆ ಬರೆದಿರುತ್ತದೆ, ಪ್ರತಿ ಸಲ ಓದು,
ಕಂಪನಿ ಬದಲಾದರೆ ಹನಿಯ ಗಾತ್ರವೂ ಬದಲು.
ಲೆಕ್ಕ ಮಾಡು. ಬಾಯಲ್ಲಲ್ಲ, ಕಾಗದದಲ್ಲಿ.
ಹ್ಞಾಂ, ನಿಮಿಷಕ್ಕೆ ಐವತ್ತು.

ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರೆ.
ನಮ್ಮದು ಹಳ್ಳವಾಗಬಾರದು.
ಬಿದ್ದ ಹನಿಗೂ ಬೀಳುವ ಹನಿಗೂ ನಡುವೆ
ಒಂದು ಕೂದಲೆಳೆಯಷ್ಟು ಬಿಡುವು,
ನಮ್ಮ ಕೆಲಸವೆಲ್ಲ ಆ ಬಿಡುವನ್ನು ಕಾಯುವುದು.

ನನ್ನ ಮೊದಲ ವರ್ಷ, ಇದೇ ಮಂಚ.
ನ್ತಾತೆ ಖ್ವಾಬಾನೆ, ಕುದುರೆ ಜಾರಿ ಕೆಳಗೆ ಬಿದ್ದವನು,
ಕಾಲಿನ ಮೂಳೆಗೆ ಕೀವು ಹತ್ತಿತ್ತು.
ಕಂಬಳಿ ಬಿಡಲಾರೆನೆಂದ; ತೋಳಿನಷ್ಟು ಜಾಗ ಬಿಟ್ಟು ಹೊದಿಸಿದೆ.
ಪಕ್ಕದಲ್ಲಿ ಸೋದರಳಿಯ ಟಾಂಕಿಸೊ,
ಊರಿಗೆ ಕೊನೆಯ ಟ್ಯಾಕ್ಸಿ ನಾಲ್ಕಕ್ಕೆ.
ಪಕ್ಕದ ವಾರ್ಡಿನಲ್ಲಿ ಯಾರೋ ವಾಂತಿ ಮಾಡಿಕೊಂಡರು, ಹೋದೆ.
ಅಷ್ಟರಲ್ಲಿ ಹುಡುಗ ಗಾಲಿ ತಿರುಗಿಸಿದ್ದ,
ಮುದುಕನಿಗೆ ಬೇಗ ವಾಸಿಯಾಗಲಿ ಅಂತಲೇ,
ನಲ್ಲಿ ಬಿಟ್ಟ ಹಾಗೆ.

ಪುಸ್ತಕದಲ್ಲಿ ಬರೆದಿತ್ತು: ಕತ್ತು, ಮುಖ ಕೆಂಪಾಗುತ್ತದೆ.
ದೀಪ ಹಿಡಿದು ನೋಡಿದೆ.
ಮುಸ್ಸಂಜೆಯ ಬಂಡೆಯ ಬಣ್ಣದ ಚರ್ಮ,
ಕೆಂಪೆಲ್ಲಿ ಕಾಣಬೇಕು?
ಸದ್ಯ, ಏನೂ ಆಗಿಲ್ಲ ಅಂದುಕೊಂಡೆ.
ಆಮೇಲೆ ಅವನ ಉಗುರು ಕಂಡಿತು,
ಕಂಬಳಿಯ ಒಳಗೇ ಎದೆ ಕೆರೆಯುತ್ತಿದ್ದ, ಸದ್ದಿಲ್ಲದೆ,
ನರ್ಸಿಗೆ ತೊಂದರೆ ಬೇಡವೆಂದು.

ಅಂಗೈಯ ಹಿಂಬದಿ ಕತ್ತಿಗಿಟ್ಟೆ.
ಒಲೆಯ ಮೇಲಿಟ್ಟ ತವೆ.
ಪುಸ್ತಕ ಬರೆದವನು
ಈ ಮೈಯನ್ನು ನೋಡಿಯೇ ಇರಲಿಲ್ಲ, ರೆಲೆಬೊಹಿಲೆ.
ಕೈಗೆ ಗೊತ್ತಾದದ್ದು ಕಣ್ಣಿಗೆ ಗೊತ್ತಿರಲಿಲ್ಲ.

ಗಾಲಿ ಮುಚ್ಚಿದೆ. ಸೂಜಿ ಮಾತ್ರ ಕೀಳಲಿಲ್ಲ,
ರಕ್ತನಾಳ ಬಾಗಿಲು ತೆರೆದೇ ಇರಲಿ ಅಂತ.
ಬಿಪಿ ನೋಡಿದೆ, ಇಳಿದಿತ್ತು; ಉಸಿರು ಕೇಳಿದೆ, ಸಿಳ್ಳೆಯಿಲ್ಲ.
ಡಾಕ್ಟರ್ ಮುಲುಂಬಾ ಓಡಿ ಬಂದರು, ಒಂದು ಕಾಲಿಗೆ ಬೂಟಿಲ್ಲದೆ.
ಇನ್ನೊಂದು ಇಂಜೆಕ್ಷನ್, ಕಾಲು ಎತ್ತರಕ್ಕೆ, ಕಾಯುವುದು.
ಸಂಜೆ ಮತ್ತೆ ಶುರು ಮಾಡಿದೆವು,
ಇಪ್ಪತ್ತೈದಕ್ಕೆ.
ಟಾಂಕಿಸೊನ ಟ್ಯಾಕ್ಸಿ ಹೋಗಿತ್ತು.
ರಾತ್ರಿಯಿಡೀ ಅವನೇ ಎಣಿಸಿದ, ತುಟಿ ಅಲ್ಲಾಡಿಸುತ್ತ;
ಬೈಯಲು ನನಗೆ ಬಾಯಿ ಬರಲಿಲ್ಲ,
ಗಾಲಿ ಮುಟ್ಟಬೇಡ ಅಂತ ಮೊದಲೇ ಹೇಳದವಳು ನಾನಲ್ಲವೆ?

ಹಾಗಾಗಿ ಹೇಳು. ಜೊತೆಗಿದ್ದವರಿಗೂ, ಅವರ ಅಜ್ಜಿಗೂ ಹೇಳು.
ಹಿಂದೆ ಯಾವ ಔಷಧಿಗೆ ಮೈ ಕೆರಳಿತ್ತು, ಕೇಳು;
"ಇಲ್ಲ" ಅಂದರೆ ಇನ್ನೊಂದು ರೀತಿಯಲ್ಲಿ ಕೇಳು.
ಸೂಜಿಯ ಸುತ್ತ ಊದಿದೆಯೇ, ಉರಿಯೇ, ನೋಡು.
ಒಂದೇ ಕೊಳವೆಯಲ್ಲಿ ಎರಡು ಮದ್ದು ಬೇಡ,
ಸೆಫ್ಟ್ರಿಯಾಕ್ಸೋನ್ ಜೊತೆಯಾದರೆ ಹಾಲು ಒಡೆದ ಹಾಗಾಗುತ್ತದೆ.
ಮೂತ್ರ ಅಳೆ, ಬರೆ. ಕಿಡ್ನಿ ಕೂಗಿ ಹೇಳುವುದಿಲ್ಲ.
ನಾಲ್ಕನೆಯ ಡೋಸಿಗೆ ಮೊದಲು ರಕ್ತ ತೆಗಿ,
ಅದು ಡಬ್ಬಿಯಲ್ಲಿ ಕೂತು ಬೆಟ್ಟ ಇಳಿಯುತ್ತದೆ,
ಅಂಕಿ ಹತ್ತಿ ಬರುವ ಹೊತ್ತಿಗೆ
ಒಮ್ಮೊಮ್ಮೆ ಮಂಚದಲ್ಲಿ ಬೇರೆ ಯಾರೋ.

ಈಗ ಎಷ್ಟು? ನಲವತ್ತೇಳೇ?
ಸ್ವಲ್ಪ ಬಿಡು.
ಸ್ವಲ್ಪ, ಅಂದೆ.
ಈ ಹುಡುಗಿಗೆ ನಿದ್ದೆ ಹತ್ತಿದೆ,
ಏಳಿಸಿ, ಹೆಸರು ಹಿಡಿದು ಕರೆದು, ಕೇಳಿ,
ಆಮೇಲೆ ಕತ್ತು ಮುಟ್ಟಿ ನೋಡು.
ಕೈ ಮೊದಲು ಬೆಚ್ಚಗೆ ಮಾಡಿಕೋ,
ಹೊರಗೆ ಹಿಮ ಬೀಳುತ್ತಿದೆ.